ವಾರ್ಡ್, ಲ್ಯಾಬ್, ನರ್ಸಿಂಗ್, ಆಂಬುಲೆನ್ಸ್: ಡಾಕ್ಟರ್ ಆಗಬೇಕೆನ್ನುವ ಕೊಡಗಿನ ಮಕ್ಕಳು ಎಲ್ಲಿಂದ ಶುರು ಮಾಡಬಹುದು?

ಪ್ರತಿ ವರ್ಷ ನೀಟ್ ಫಲಿತಾಂಶ ಬಂದ ವಾರ ನನಗೆ ನಾಲ್ಕೈದು ಫೋನ್ ಬರುತ್ತವೆ. ನಮ್ಮ ಬಳಗದಲ್ಲಿ ಆಸ್ಪತ್ರೆ ಕೆಲಸದಲ್ಲಿರುವವಳು ನಾನೊಬ್ಬಳೇ. ಈ ಸಲ ಸುಂಟಿಕೊಪ್ಪದಿಂದ ಅಕ್ಕನ ಮಗಳು ಮಾಡಿದ್ದಳು. ಹೊರಗೆ ಜೋರು ಮಳೆ, ಟವರ್ ಬಂದು ಹೋಗಿ ಮಾಡುತ್ತಿತ್ತು. "ಚಿಕ್ಕಮ್ಮ, ಮಾರ್ಕ್ಸ್ ಸಾಲ್ತಾ ಇಲ್ಲ. ಒಂದು ವರ್ಷ ಆಸ್ಪತ್ರೆ ಕೆಲಸಕ್ಕೆ ಸೇರ್ಕೊಂಡು, ಹಾಗೇ ಡಾಕ್ಟರ್ ಲೈನಿಗೆ ಹೋಗ್ಲಾ?"

ಆ 'ಹಾಗೇ' ಎನ್ನುವ ಮಾತು ಎಲ್ಲಿಂದ ಬಂತು ಅಂತ ನನಗೆ ಗೊತ್ತು. ಮೊಬೈಲಿನಲ್ಲಿ ಅಮೆರಿಕದ ಹುಡುಗ ಹುಡುಗಿಯರ ವಿಡಿಯೋ ನೋಡಿದ್ದಾಳೆ. ಅಲ್ಲಿ ಮೆಡಿಕಲ್ ಕಾಲೇಜು ಸೇರುವ ಮೊದಲು ನಾಲ್ಕು ವರ್ಷದ ಡಿಗ್ರಿ ಮುಗಿಸುತ್ತಾರೆ, ಎಂಕ್ಯಾಟ್ ಎಂಬ ಪರೀಕ್ಷೆ ಬರೆಯುತ್ತಾರೆ. ಜೊತೆಗೆ, ರೋಗಿಗಳ ಹತ್ತಿರ ಎಷ್ಟು ಗಂಟೆ ಕಳೆದಿದ್ದೀಯ ಅಂತ ಕಾಲೇಜಿನವರು ನೋಡುತ್ತಾರೆ. ಅದಕ್ಕೇ ಅಲ್ಲಿನ ಮಕ್ಕಳು ನರ್ಸಿಂಗ್ ಅಸಿಸ್ಟೆಂಟ್ ಆಗಿಯೋ, ಆಂಬುಲೆನ್ಸ್ ಸಿಬ್ಬಂದಿಯಾಗಿಯೋ, ಡಾಕ್ಟರ್ ಹೇಳಿದ್ದನ್ನು ಬರೆದುಕೊಳ್ಳುವ ಸ್ಕ್ರೈಬ್ ಆಗಿಯೋ ದುಡಿಯುತ್ತಾರೆ. ಅಲ್ಲಿ ನರ್ಸಿಂಗ್ ಅಸಿಸ್ಟೆಂಟ್ ಆಗಲು ಕೇಂದ್ರ ಕಾನೂನಿನ ಪ್ರಕಾರ ಕನಿಷ್ಠ 75 ಗಂಟೆಯ ತರಬೇತಿ ಇದ್ದರೆ ಆಯಿತು. ಆ ಅನುಭವ ಅರ್ಜಿಯಲ್ಲಿ ತೂಕ ಪಡೆಯುತ್ತದೆ.

ನಮ್ಮಲ್ಲಿ ಹಾಗಿಲ್ಲ. ವಾರ್ಡಿನಿಂದ ಎಂಬಿಬಿಎಸ್‌ಗೆ ಹತ್ತುವ ಮೆಟ್ಟಿಲೇ ಇಲ್ಲ. ಹತ್ತು ವರ್ಷ ಐಸಿಯುನಲ್ಲಿ ದುಡಿದ ಸಿಸ್ಟರ್ ಕೂಡ ನಿನ್ನೆ ಪಿಯುಸಿ ಮುಗಿಸಿದ ಹುಡುಗನ ಪಕ್ಕದ ಬೆಂಚಿನಲ್ಲಿ ಕೂತು ಅದೇ ನೀಟ್ ಬರೆಯಬೇಕು. ಅನುಭವಕ್ಕೆ ಒಂದು ಅಂಕವೂ ಇಲ್ಲ. ನಾನು ಬರೆದಿದ್ದೇನೆ, ಎರಡು ಸಲ. ಅದಕ್ಕೇ ಹೇಳುತ್ತಿದ್ದೇನೆ.

ಹಾಗಾದರೆ ಆಸ್ಪತ್ರೆ ಕೆಲಸಕ್ಕೆ ಸೇರುವುದು ದಂಡವಾ? ಇಲ್ಲ. ಆದರೆ ಯಾವ ಕೆಲಸ, ಯಾಕೆ ಅಂತ ಸರಿಯಾಗಿ ನೋಡಿ ಸೇರಬೇಕು. ನಾನು ಎರಡೇ ಪ್ರಶ್ನೆ ಕೇಳುತ್ತೇನೆ. ಈ ಕೆಲಸ ಓದಲು ದಿನಕ್ಕೆ ಎಷ್ಟು ಗಂಟೆ ಬಿಡುತ್ತದೆ? ಮತ್ತೆ, ಎಂಬಿಬಿಎಸ್ ಸೀಟು ಸಿಗದೇ ಹೋದರೆ ಇದೇ ಕೆಲಸದಲ್ಲಿ 40ನೇ ವಯಸ್ಸಿಗೂ ಬೇಸರವಿಲ್ಲದೆ ಇರಬಲ್ಲೆಯಾ?

ಇರುವುದು ಒಂದೇ ಬಾಗಿಲು

ಎಂಬಿಬಿಎಸ್ ಇರಲಿ, ಹಲ್ಲಿನ ಡಾಕ್ಟರ್ ಆಗುವ ಬಿಡಿಎಸ್ ಇರಲಿ, ಆಯುರ್ವೇದದ ಬಿಎಎಂಎಸ್, ಹೋಮಿಯೋಪತಿಯ ಬಿಎಚ್‌ಎಂಎಸ್ ಇರಲಿ, ಎಲ್ಲದಕ್ಕೂ ನೀಟ್ ಬೇಕು. ರಷ್ಯಾಕ್ಕೋ ಜಾರ್ಜಿಯಾಕ್ಕೋ ಹೋಗಿ ಓದಿ ಬಂದು ಇಲ್ಲಿ ಪ್ರಾಕ್ಟೀಸ್ ಮಾಡುತ್ತೇನೆ ಎಂದರೂ ನೀಟ್ ಪಾಸಾಗಿರಲೇಬೇಕು. ಪರೀಕ್ಷೆಯಲ್ಲಿ 180 ಪ್ರಶ್ನೆ, 720 ಅಂಕ, ಮೂರು ಗಂಟೆ. ಫಿಸಿಕ್ಸ್ 45, ಕೆಮಿಸ್ಟ್ರಿ 45, ಬಯಾಲಜಿ 90 ಪ್ರಶ್ನೆ. ಸರಿ ಉತ್ತರಕ್ಕೆ 4 ಅಂಕ, ತಪ್ಪಿದರೆ 1 ಅಂಕ ಕಡಿತ. ಕನ್ನಡದಲ್ಲೂ ಬರೆಯಬಹುದು. ಆದರೆ ಅದನ್ನು ಅರ್ಜಿ ಹಾಕುವಾಗಲೇ ಆರಿಸಬೇಕು, ಆಮೇಲೆ ಪರೀಕ್ಷಾ ಕೊಠಡಿಯಲ್ಲಿ ಕೇಳಿದರೆ ಕೊಡುವುದಿಲ್ಲ.

ಪಿಯುಸಿಯಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಸೇರಿ ಸಾಮಾನ್ಯ ವರ್ಗದವರಿಗೆ 50 ಶೇಕಡಾ, ಮೀಸಲಾತಿ ಇರುವವರಿಗೆ 40 ಶೇಕಡಾ ಇರಬೇಕು. ಆ ವರ್ಷದ ಡಿಸೆಂಬರ್ 31ಕ್ಕೆ 17 ತುಂಬಿರಬೇಕು. ಮೇಲಿನ ವಯೋಮಿತಿ ಈಗ ಇಲ್ಲ, 2022ರಲ್ಲಿ ತೆಗೆದುಹಾಕಿದರು. ಎಷ್ಟು ಸಲ ಬೇಕಾದರೂ ಬರೆಯಬಹುದು. ನಾನು ಬರೆಯುವಾಗ ಸಾಮಾನ್ಯ ವರ್ಗಕ್ಕೆ 25ರ ಮಿತಿ ಹಾಕಿದ್ದರು, ಅದರ ಮೇಲೆ ಕೋರ್ಟಿನಲ್ಲಿ ಕೇಸು. ಓದುವುದಕ್ಕಿಂತ ಆ ಭಯವೇ ಜಾಸ್ತಿ ಆಗಿತ್ತು. ಈಗಿನ ಮಕ್ಕಳಿಗೆ ಆ ಕಾಟ ಇಲ್ಲ. ಹಾಗಾಗಿ 'ಈ ವರ್ಷವೇ ಆಗಬೇಕು, ಇಲ್ಲದಿದ್ದರೆ ಜೀವನ ಮುಗೀತು' ಅಂತ ಅಳಬೇಡಿ. ಮೊದಲು ಒಂದು ಕೋರ್ಸ್ ಮುಗಿಸಿ, ಕೈಯಲ್ಲಿ ಕೆಲಸ ಇಟ್ಟುಕೊಂಡು, 23ಕ್ಕೆ ಬರೆದರೂ ನಡೆಯುತ್ತದೆ.

ನಮ್ಮ ಕಡೆಯ ಮಕ್ಕಳು ಮರೆಯುವ ಇನ್ನೊಂದು ವಿಷಯ. ಒಂದರಿಂದ ಹತ್ತನೇ ಕ್ಲಾಸಿನವರೆಗೆ ಹಳ್ಳಿಯಲ್ಲಿ ಓದಿದವರಿಗೆ ರಾಜ್ಯದ ಕೋಟಾದಲ್ಲಿ 15 ಶೇಕಡಾ, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ 5 ಶೇಕಡಾ ಮೀಸಲಾತಿ ಇದೆ. ರಾಜ್ಯದ ಸೀಟು ಹಂಚುವ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಅರ್ಜಿಯಲ್ಲಿ ಅದನ್ನು ಕ್ಲೇಮ್ ಮಾಡಬೇಕು, ಶಾಲೆಯಿಂದ ಸರ್ಟಿಫಿಕೇಟ್ ತರಬೇಕು. ಮಳೆಗಾಲದಲ್ಲಿ ಶಾಲೆಗೆ ರಜೆ ಕೊಟ್ಟು, ಹೆಡ್‌ಮಾಸ್ಟರು ಊರಿಗೆ ಹೋಗಿ, ಸರ್ಟಿಫಿಕೇಟಿಗೆ ಒದ್ದಾಡಿದವರನ್ನು ಕಂಡಿದ್ದೇನೆ. ಏಪ್ರಿಲ್‌ನಲ್ಲೇ ಮಾಡಿಸಿಡಿ.

'ನೀಟ್ ಪಾಸ್' ಅಂದರೆ ಸೀಟು ಸಿಕ್ಕಿತು ಅಂತ ಅಲ್ಲ, ಇದು ಮನೆಯ ಹಿರಿಯರಿಗೂ ಗೊತ್ತಿರಲಿ. ಅರ್ಹತಾ ಅಂಕ ಬೇರೆ, ಸರ್ಕಾರಿ ಸೀಟಿನ ಅಂಕ ಬೇರೆ. ಮಡಿಕೇರಿಯ ಕೊಡಗು ವೈದ್ಯಕೀಯ ವಿಜ್ಞಾನಗಳ ಸಂಸ್ಥೆ 2016ರಲ್ಲಿ 150 ಎಂಬಿಬಿಎಸ್ ಸೀಟುಗಳೊಂದಿಗೆ ಶುರುವಾಯಿತು. ನಮ್ಮ ಜಿಲ್ಲೆಯ ಕಾಲೇಜು ಅಂತ ಖುಷಿ ಇದೆ. ಆದರೆ ಆ 150 ಸೀಟಿಗೆ ಇಡೀ ರಾಜ್ಯದ ಮಕ್ಕಳು ಸಾಲು ನಿಂತಿರುತ್ತಾರೆ. ಸರ್ಕಾರಿ ಸೀಟಿನ ವರ್ಷದ ಫೀಸು ಒಂದು ಲಕ್ಷದ ಒಳಗೆ. ಖಾಸಗಿ ಮ್ಯಾನೇಜ್‌ಮೆಂಟ್ ಸೀಟಿನ ಲೆಕ್ಕ ಕೇಳಿದರೆ ಎರಡು ಎಕರೆ ಕಾಫಿ ತೋಟ ಇರುವವರೂ ಸುಮ್ಮನಾಗುತ್ತಾರೆ.

ಗಡಿಯಾರದ ಲೆಕ್ಕ

ಕೆಲಸ ಮಾಡುತ್ತಾ ಓದುತ್ತೇನೆ ಎನ್ನುವವರಿಗೆ ಒಂದು ಹಾಳೆ ಕೊಟ್ಟು ಲೆಕ್ಕ ಬರೆಸುತ್ತೇನೆ. 12 ಗಂಟೆಯ ಶಿಫ್ಟ್. ಬಸ್ಸಿಗೆ ಹೋಗಿ ಬರಲು ಮೂರು ಗಂಟೆ. ನಿದ್ದೆ ಏಳು ಗಂಟೆ. ಅಲ್ಲಿಗೆ 22 ಆಯಿತು. ಊಟ, ಸ್ನಾನ, ಯೂನಿಫಾರ್ಮ್ ಒಗೆದು ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸುವುದು, ಎಲ್ಲ ಸೇರಿ ಉಳಿದದ್ದೂ ಹೋಯಿತು. ಓದು ಎಲ್ಲಿ?

ಅದೇ ಎಂಟು ಗಂಟೆಯ ಡ್ಯೂಟಿ, ಮನೆಯಿಂದ ಅರ್ಧ ಗಂಟೆ ದೂರ ಅಂತಿಟ್ಟುಕೊಳ್ಳಿ. ಆಗ ನಾಲ್ಕೈದು ಗಂಟೆ ಕೈಗೆ ಸಿಗುತ್ತದೆ. ಹಾಗಾಗಿ ಸಂಬಳ ಎರಡು ಸಾವಿರ ಕಡಿಮೆಯಾದರೂ ಹತ್ತಿರದ, ಎಂಟು ಗಂಟೆಯ ಕೆಲಸವೇ ಮೇಲು ಅಂತ ನನ್ನ ಅಭಿಪ್ರಾಯ. ಕೊಡಗಿನಲ್ಲಿ ದೂರವನ್ನು ಕಿಲೋಮೀಟರಿನಲ್ಲಿ ಅಳೆಯಬೇಡಿ. ಬಸ್ಸಿನ ಟೈಮಿನಲ್ಲಿ ಅಳೆಯಿರಿ. ಸಂಜೆಯ ಕೊನೆ ಬಸ್ ತಪ್ಪಿದರೆ, ಆನೆ ಓಡಾಡುವ ತೋಟದ ದಾರಿಯಲ್ಲಿ ನಡೆದು ಹೋಗೋಕಾಗುತ್ತಾ?

ನೈಟ್ ಡ್ಯೂಟಿಯಲ್ಲಿ ಓದಬಹುದು ಎಂದು ಕೆಲವರು ಹೇಳುತ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ಟೇಬಲ್ ಮೇಲೆ ಬಯಾಲಜಿ ಪುಸ್ತಕ ತೆರೆದಿಟ್ಟರೆ ಸರಿಯಾಗಿ ಆಗಲೇ ಯಾರದ್ದೋ ಡ್ರಿಪ್ ಮುಗಿಯುತ್ತದೆ. ಮೂರು ಗಂಟೆ ಹೊತ್ತಿಗೆ ಅಕ್ಷರ ಎರಡೆರಡಾಗಿ ಕಾಣುತ್ತದೆ. ವಾರ್ಡಿನ ಕೆಲಸ ಬಯಾಲಜಿಗೆ ಸಹಾಯ ಮಾಡುತ್ತದೆ ಎಂಬುದೂ ಅರ್ಧ ಸತ್ಯ. ಕಿಡ್ನಿ, ಹೃದಯ, ರಕ್ತದ ಪಾಠ ತಲೆಗೆ ಬೇಗ ಹತ್ತುತ್ತದೆ, ನಿಜ. ಆದರೆ ನೀಟ್‌ನಲ್ಲಿ ಗಿಡಮರದ ಪಾಠವೂ ಅಷ್ಟೇ ಇದೆ. ಎಲೆ ಆಹಾರ ತಯಾರಿಸುವುದನ್ನು ಕ್ಯಾಶುವಲ್ಟಿಯಲ್ಲಿ ಯಾರೂ ಹೇಳಿಕೊಡುವುದಿಲ್ಲ. ಫಿಸಿಕ್ಸ್ ಅಂತೂ ಕೇಳಲೇಬೇಡಿ. ನನ್ನನ್ನು ಎರಡೂ ಸಲ ಮುಳುಗಿಸಿದ್ದು ಫಿಸಿಕ್ಸೇ.

ಅಟೆಂಡರ್, ಆಯಾ, ಜಿಡಿಎ

ಪಿಯುಸಿ ಮುಗಿಸಿದ ಕೂಡಲೇ, ಬೇರೆ ಓದು ಇಲ್ಲದೆ ಸಿಗುವ ಆಸ್ಪತ್ರೆ ಕೆಲಸ ಇದೊಂದೇ ಅಂತ ಹೇಳಬಹುದು. ರಿಸೆಪ್ಷನ್ ಮತ್ತು ಬಿಲ್ಲಿಂಗ್ ಕೌಂಟರ್ ಕೂಡ ಇದೆ, ಆದರೆ ಅಲ್ಲಿ ರೋಗಿಗಿಂತ ಕಂಪ್ಯೂಟರ್ ಜೊತೆ ಸಂಬಂಧ ಜಾಸ್ತಿ. ಸರ್ಕಾರಿ ಆಸ್ಪತ್ರೆಗಳಲ್ಲಿ ಈ ಕೆಲಸ ಬಹುತೇಕ ಹೊರಗುತ್ತಿಗೆ. ಖಾಸಗಿಯಲ್ಲಿ ನೇರವಾಗಿ ತೆಗೆದುಕೊಳ್ಳುತ್ತಾರೆ. ಜಿಡಿಎ, ಅಂದರೆ ಜನರಲ್ ಡ್ಯೂಟಿ ಅಸಿಸ್ಟೆಂಟ್ ಎಂಬ ಕೆಲವೇ ತಿಂಗಳ ಕೌಶಲ ತರಬೇತಿ ಇದೆ. ಅದು ಇದ್ದರೆ ಸ್ವಲ್ಪ ಬೆಲೆ ಜಾಸ್ತಿ.

ಕೆಲಸ ಏನು? ಬೆಡ್ ಶೀಟ್ ಬದಲಿಸುವುದು, ಬೆಡ್‌ಪ್ಯಾನ್ ಕೊಡುವುದು, ಎದ್ದೇಳಲಾಗದವರಿಗೆ ಮೈ ಒರೆಸುವುದು, ಮಗ್ಗುಲು ಬದಲಿಸುವುದು, ವ್ಹೀಲ್‌ಚೇರ್ ತಳ್ಳುವುದು, ಸ್ಯಾಂಪಲ್ ಲ್ಯಾಬಿಗೆ ಮುಟ್ಟಿಸುವುದು. ಕಸ ಬೇರೆ ಮಾಡುವುದು ಕೂಡ. ರಕ್ತ ಹತ್ತಿದ ಹತ್ತಿ, ಬ್ಯಾಂಡೇಜ್ ಹಳದಿ ಚೀಲಕ್ಕೆ. ಡ್ರಿಪ್ ಟ್ಯೂಬಿನಂಥ ಪ್ಲಾಸ್ಟಿಕ್ ಕೆಂಪಿಗೆ. ಸೂಜಿ ಬಿಳಿ ಡಬ್ಬಿಗೆ. ಗಾಜು ನೀಲಿಗೆ. ಇದನ್ನು ಮೊದಲ ದಿನ ಕಲಿಸದ ಆಸ್ಪತ್ರೆಯಲ್ಲಿ ಎರಡನೇ ದಿನ ಇರಬೇಡಿ.

ಡಾಕ್ಟರ್ ಆಗಬೇಕು ಎನ್ನುವ ಆಸೆ ನಿಜವೋ ಬರೀ ಬಿಳಿ ಕೋಟಿನ ಮೇಲಿನ ಪ್ರೀತಿಯೋ ಅಂತ ತಿಳಿಯಲು ಇದಕ್ಕಿಂತ ಒಳ್ಳೆ ಜಾಗ ಇಲ್ಲ. ವಾಂತಿ, ಮಲ, ಕೀವಿನ ವಾಸನೆ ಎರಡು ವಾರದಲ್ಲಿ ಅಭ್ಯಾಸ ಆಗುತ್ತದೆ. ಅಭ್ಯಾಸ ಆಗದ್ದು ಬೇರೆ ಇದೆ. ತೋಟದ ಕೆಲಸಗಾರರ ಲೈನ್ ಮನೆಯಿಂದ ಬಂದ ಅಜ್ಜಿ, ಮಗ ಕಾಫಿ ಕುಯ್ಲಿಗೆ ಹೋಗಿದ್ದಾನೆ ಅಂತ ಒಬ್ಬಳೇ ಮಲಗಿರುತ್ತಾಳೆ. ನಿಮ್ಮ ಕೈ ಹಿಡಿದು ಬಿಡುವುದೇ ಇಲ್ಲ. ನಿಮಗೆ ಇನ್ನೂ ಆರು ಬೆಡ್ ಬಾಕಿ ಇರುತ್ತದೆ. ಆಗ ಕೈ ಬಿಡಿಸಿಕೊಳ್ಳುವುದು ಹೇಗೆ ಎನ್ನುವುದು ಯಾವ ತರಬೇತಿಯಲ್ಲೂ ಇಲ್ಲ.

ಆದರೆ ಆರು ತಿಂಗಳಿಗಿಂತ ಜಾಸ್ತಿ ಇಲ್ಲಿ ಇರಬೇಡಿ ಅಂತ ನಾನು ಖಂಡಿತ ಹೇಳುತ್ತೇನೆ. ಯಾಕೆಂದರೆ ಇಲ್ಲಿಂದ ಮುಂದಕ್ಕೆ ಬಡ್ತಿ ಇಲ್ಲ. ಅಟೆಂಡರ್ ಹತ್ತು ವರ್ಷ ಇದ್ದರೂ ಸ್ಟಾಫ್ ನರ್ಸ್ ಆಗುವುದಿಲ್ಲ. ಕೋರ್ಸ್ ಮಾಡಿಯೇ ಆಗಬೇಕು.

ಇಲ್ಲಿ ನನ್ನದೇ ಒಂದು ಕಥೆ ಹೇಳಿಬಿಡುತ್ತೇನೆ. 2015ರಲ್ಲಿ ಜಿಎನ್‌ಎಂ ಎಂಬ ನರ್ಸಿಂಗ್ ಡಿಪ್ಲೊಮಾ ಮುಗಿಸಿ ಒಂದು ಖಾಸಗಿ ಆಸ್ಪತ್ರೆಗೆ ಸೇರಿದೆ. ಊರು, ಹೆಸರು ಬೇಡ. ಸೇರುವ ದಿನವೇ ಎಸ್ಸೆಸ್ಸೆಲ್ಸಿ, ಪಿಯುಸಿ, ಡಿಪ್ಲೊಮಾ ಎಲ್ಲದರ ಒರಿಜಿನಲ್ ಮಾರ್ಕ್ಸ್ ಕಾರ್ಡ್ ತೆಗೆದಿಟ್ಟುಕೊಂಡರು. ಎರಡು ವರ್ಷದ ಬಾಂಡ್ ಅಂತೆ. ಮಧ್ಯೆ ಬೇರೆ ಕಡೆ ಇಂಟರ್‌ವ್ಯೂ ಬಂತು, ಒರಿಜಿನಲ್ ತೋರಿಸಬೇಕಿತ್ತು. ಕೇಳಿದರೆ, ಮೂರು ತಿಂಗಳ ಸಂಬಳ ಕಟ್ಟಿ ತೆಗೆದುಕೊಂಡು ಹೋಗು ಎಂದರು. ನಮ್ಮಪ್ಪ ತೋಟದಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದವರು, ಅವರು ಹೋಗಿ ಎಷ್ಟು ಕೇಳಿಕೊಂಡರೂ ಆಗಲಿಲ್ಲ. ಆ ಕೆಲಸ ಕೈ ತಪ್ಪಿತು. ಹಾಗಾಗಿ ನೀವು ಯಾವ ಕೆಲಸಕ್ಕೇ ಸೇರಿ, ಒರಿಜಿನಲ್ ತೋರಿಸಿ, ಜೆರಾಕ್ಸ್ ಕೊಡಿ, ಒರಿಜಿನಲ್ ವಾಪಸ್ ಬ್ಯಾಗಿಗೆ ಹಾಕಿಕೊಳ್ಳಿ. ಇಟ್ಟುಕೊಳ್ಳುತ್ತೇವೆ ಎಂದರೆ ಎದ್ದು ಬನ್ನಿ.

ಲ್ಯಾಬ್

ನೀಟ್ ಮತ್ತೆ ಬರೆಯುವ ಮನಸ್ಸಿರುವವರಿಗೆ ನಾನು ಮೊದಲು ಹೇಳುವುದು ಇದನ್ನೇ. ನರ್ಸ್ ಆಗಿದ್ದುಕೊಂಡು ಲ್ಯಾಬನ್ನು ಹೊಗಳುತ್ತಾಳಲ್ಲ ಅಂತ ನಗಬೇಡಿ.

ಡಿಎಂಎಲ್‌ಟಿ ಎಂಬ ಡಿಪ್ಲೊಮಾ ಪಿಯುಸಿ ಸೈನ್ಸ್ ಆದವರಿಗೆ ಎರಡು ವರ್ಷ, ಎಸ್ಸೆಸ್ಸೆಲ್ಸಿ ಆದವರಿಗೆ ಮೂರು ವರ್ಷ. ನಡೆಸುವುದು ರಾಜ್ಯದ ಪ್ಯಾರಾಮೆಡಿಕಲ್ ಬೋರ್ಡ್. ಇದೇ ಬೋರ್ಡಿನಲ್ಲಿ ಎಕ್ಸ್‌ರೇ, ಆಪರೇಷನ್ ಥಿಯೇಟರ್, ಡಯಾಲಿಸಿಸ್ ಕೋರ್ಸುಗಳೂ ಇವೆ. ಒಂದು ಎಚ್ಚರಿಕೆ. ಎಸ್ಸೆಸ್ಸೆಲ್ಸಿ ಆದ ಮೇಲೆ ನೇರವಾಗಿ ಮೂರು ವರ್ಷದ ಡಿಪ್ಲೊಮಾ ಮಾಡಿದರೆ ಅದು ನೀಟ್‌ಗೆ ಬೇಕಾದ ಪಿಯುಸಿ ಸೈನ್ಸ್‌ಗೆ ಸಮ ಆಗುವುದಿಲ್ಲ. ಡಾಕ್ಟರ್ ಆಸೆ ಸ್ವಲ್ಪವಾದರೂ ಇದ್ದರೆ ಪಿಯುಸಿ ಬಿಡಬೇಡಿ. 'ಒಂದು ವರ್ಷದಲ್ಲಿ ಲ್ಯಾಬ್ ಟೆಕ್ನಿಷಿಯನ್' ಅಂತ ಬಸ್‌ಸ್ಟ್ಯಾಂಡಿನ ಗೋಡೆಗೆ ಅಂಟಿಸಿದ್ದು ಕಂಡರೆ, ಯಾವ ಬೋರ್ಡಿನ ಮಾನ್ಯತೆ ಅಂತ ಮೊದಲು ಕೇಳಿ. ಇಂಥ ಜಾಗಕ್ಕೆ ಫೀಸು ಕಟ್ಟಿ ಬರೀ ಪ್ರಿಂಟ್ ಹಾಕಿದ ಕಾಗದ ತಂದ ಮಕ್ಕಳಿದ್ದಾರೆ.

ಲ್ಯಾಬ್ ಯಾಕೆ ಇಷ್ಟ? ಕೆಲಸ ಬಹುತೇಕ ಬೆಳಗ್ಗೆ ಇರುತ್ತದೆ. ಖಾಲಿ ಹೊಟ್ಟೆಯ ಸ್ಯಾಂಪಲ್ ಎಲ್ಲ ಏಳರಿಂದ ಹತ್ತರೊಳಗೆ ಬಂದುಬಿಡುತ್ತದೆ. ಚಿಕ್ಕ ಲ್ಯಾಬ್ ಆದರೆ ಮಧ್ಯಾಹ್ನದ ಮೇಲೆ ಪುಸ್ತಕ ತೆರೆಯಬಹುದು. ರೋಗವನ್ನು ಡಾಕ್ಟರು ಯೋಚಿಸುವ ರೀತಿಯಲ್ಲಿ ನೋಡುವುದೂ ಇಲ್ಲೇ ಶುರುವಾಗುತ್ತದೆ. ಮಳೆಗಾಲದಲ್ಲಿ ಜ್ವರ ಅಂತ ಬಂದವರ ಪ್ಲೇಟ್‌ಲೆಟ್ ಇಳಿದಿದೆ, ಇದು ಡೆಂಗಿಯಾ, ಇಲಿ ಜ್ವರವಾ? ಗದ್ದೆ ಕೆಲಸ ಮಾಡಿದ್ದರಾ? ಕಾಲಿನಲ್ಲಿ ಗಾಯ ಇತ್ತಾ? ಬುಡಕಟ್ಟು ಜನರ ಹಾಡಿಗಳಲ್ಲಿ ಸಿಕಲ್ ಸೆಲ್ ಎಂಬ, ವಂಶದಲ್ಲಿ ಇಳಿದು ಬರುವ ರಕ್ತದ ಕಾಯಿಲೆಯ ಪರೀಕ್ಷೆಯ ಕ್ಯಾಂಪಿಗೆ ಹೋದಾಗ ಒಂದೇ ಮನೆಯ ಅಣ್ಣ, ತಂಗಿ, ಅಜ್ಜನ ರಕ್ತ ಸಾಲಾಗಿ ನೋಡಬಹುದು. ಪಿಯುಸಿಯ ಜೆನೆಟಿಕ್ಸ್ ಪಾಠ ಕಣ್ಣ ಮುಂದೆಯೇ ಇರುತ್ತದೆ.

ಇದರ ಕೊರತೆ ಏನೆಂದರೆ, ರೋಗಿಯ ಮುಖ ಕಾಣುವುದು ಸೂಜಿ ಚುಚ್ಚುವ ಎರಡು ನಿಮಿಷ ಮಾತ್ರ. ಉಳಿದಂತೆ ಟ್ಯೂಬು, ಮೆಷಿನ್ನು. ಜನರ ಜೊತೆ ಇರಬೇಕು ಎನ್ನುವ ಆಸೆಯಿಂದ ಡಾಕ್ಟರ್ ಆಗಬೇಕೆಂದವರಿಗೆ ಇದು ಒಣ ಒಣ ಅನಿಸುತ್ತದೆ. ಸಣ್ಣ ಊರುಗಳ ಖಾಸಗಿ ಲ್ಯಾಬುಗಳಲ್ಲಿ ಸಂಬಳವೂ ಅಷ್ಟಕ್ಕಷ್ಟೇ. ಬಿಎಸ್ಸಿ ಮಾಡಿಕೊಂಡು ಮೈಸೂರಿಗೋ ಬೆಂಗಳೂರಿಗೋ ಹೋದರೆ ಪರವಾಗಿಲ್ಲ.

ನರ್ಸಿಂಗ್

ಇದು ನನ್ನ ಕೆಲಸ, ಹಾಗಾಗಿ ಸ್ವಲ್ಪ ಉದ್ದ ಮಾತಾಡುತ್ತೇನೆ.

ಮೂರು ದಾರಿ ಇದೆ. ಎಎನ್‌ಎಂ ಎರಡು ವರ್ಷ, ಹುಡುಗಿಯರಿಗೆ ಮಾತ್ರ. ಪಿಎಚ್‌ಸಿ (ಪ್ರಾಥಮಿಕ ಆರೋಗ್ಯ ಕೇಂದ್ರ), ಉಪಕೇಂದ್ರಗಳಲ್ಲಿ ಲಸಿಕೆ, ಬಾಣಂತಿ, ಮಕ್ಕಳ ಕೆಲಸ. ಆ ಹುದ್ದೆಯನ್ನು ಈಗ ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ ಎನ್ನುತ್ತಾರೆ, ಊರಿನವರಿಗೆ ಮಾತ್ರ ಇನ್ನೂ 'ನರ್ಸಮ್ಮ'. ಜಿಎನ್‌ಎಂ ಮೂರು ವರ್ಷದ ಡಿಪ್ಲೊಮಾ, ಇದಕ್ಕೆ ಆರ್ಟ್ಸ್ ಓದಿದವರೂ ಸೇರಬಹುದು. ಬಿಎಸ್ಸಿ ನರ್ಸಿಂಗ್ ನಾಲ್ಕು ವರ್ಷ, ಇದಕ್ಕೆ ಸೈನ್ಸ್ ಬೇಕು, ಸಾಮಾನ್ಯ ವರ್ಗಕ್ಕೆ 45 ಶೇಕಡಾ ಬೇಕು.

ಜಿಎನ್‌ಎಂ ಮಾಡಲಾ, ಬಿಎಸ್ಸಿ ಮಾಡಲಾ? ದುಡ್ಡಿನ ತೊಂದರೆ ಇಲ್ಲದಿದ್ದರೆ ಬಿಎಸ್ಸಿ, ಯೋಚನೆ ಬೇಡ. ಜಿಎನ್‌ಎಂ ಮಾಡಿದ ನಾನು ಆಮೇಲೆ ಎರಡು ವರ್ಷದ ಪೋಸ್ಟ್ ಬೇಸಿಕ್ ಬಿಎಸ್ಸಿ ಮಾಡಬೇಕಾಯಿತು. ಒಟ್ಟು ಲೆಕ್ಕದಲ್ಲಿ ವರ್ಷ ನಷ್ಟ. ಉಪಕೇಂದ್ರಗಳಲ್ಲಿ ಈಗ ಸಮುದಾಯ ಆರೋಗ್ಯ ಅಧಿಕಾರಿ ಅಂತ ಹುದ್ದೆ ಬಂದಿದೆ, ಅದಕ್ಕೂ ಬಿಎಸ್ಸಿ ನರ್ಸಿಂಗ್ ಆದವರನ್ನೇ ತೆಗೆದುಕೊಳ್ಳುವುದು. ಬೀಪಿ, ಶುಗರ್ ನೋಡಿ ಮಾತ್ರೆ ಕೊಡುವ, ಯಾರನ್ನು ದೊಡ್ಡ ಆಸ್ಪತ್ರೆಗೆ ಕಳಿಸಬೇಕು ಎಂದು ತೀರ್ಮಾನಿಸುವ ಕೆಲಸ ಅದು. ದೂರದ ಊರಿಗೆ ಡಾಕ್ಟರ್ ಬಾರದ ದಿನ ಜನ ಅವರನ್ನೇ 'ಡಾಕ್ಟರೇ' ಎನ್ನುತ್ತಾರೆ. ಏಮ್ಸ್‌ಗಳ ನರ್ಸಿಂಗ್ ಆಫೀಸರ್ ಹುದ್ದೆಗೆ ನಾರ್ಸೆಟ್ ಎಂಬ ಪರೀಕ್ಷೆ ಇದೆ, ಮೂಲ ವೇತನವೇ 44,900 ರೂಪಾಯಿಯಿಂದ ಶುರು. ಇಲ್ಲಿನ ಸಣ್ಣ ನರ್ಸಿಂಗ್ ಹೋಮಿನ ಸಂಬಳಕ್ಕೂ ಇದಕ್ಕೂ ಹೋಲಿಕೆಯೇ ಇಲ್ಲ.

ಆರ್ಟ್ಸ್ ಓದಿ ಜಿಎನ್‌ಎಂ ಮಾಡಿದವರಿಗೆ ಡಾಕ್ಟರ್ ಬಾಗಿಲು ಪೂರ್ತಿ ಮುಚ್ಚಿಲ್ಲ. ಪಿಯುಸಿ ಆದ ಮೇಲೆ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿಯನ್ನು ಹೆಚ್ಚುವರಿ ವಿಷಯವಾಗಿ ಪಾಸು ಮಾಡಿದರೂ ನೀಟ್ ಬರೆಯಬಹುದು ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗ 2023ರ ನವೆಂಬರ್‌ನಲ್ಲಿ ಹೇಳಿದೆ. ದಾರಿ ಉದ್ದ, ಆದರೆ ಇದೆ.

ಈಗ ಲ್ಯಾಬ್ ಜೊತೆ ಹೋಲಿಸಿ. ನರ್ಸಿಂಗ್ ಓದುವ ವರ್ಷಗಳಲ್ಲಿ ನೀಟ್‌ಗೆ ಓದಲು ಪುರುಸೊತ್ತೇ ಸಿಗುವುದಿಲ್ಲ. ಬೆಳಗ್ಗೆ ಕ್ಲಿನಿಕಲ್ ಪೋಸ್ಟಿಂಗ್, ಮಧ್ಯಾಹ್ನ ಕ್ಲಾಸ್, ರಾತ್ರಿ ಕೇಸ್ ಸ್ಟಡಿ ಬರೆಯುವುದು. ಕೆಲಸಕ್ಕೆ ಸೇರಿದ ಮೇಲೆ ಶಿಫ್ಟ್. ಹಾಗಾಗಿ 'ನರ್ಸಿಂಗ್ ಮಾಡುತ್ತಾ ನೀಟ್ ಬರೀತೀನಿ' ಎಂದವರಲ್ಲಿ ಬಹಳ ಜನ ನರ್ಸ್ ಆಗಿಯೇ ಉಳಿಯುತ್ತಾರೆ, ನನ್ನ ಹಾಗೆ. ಅದರಲ್ಲಿ ನನಗೆ ಈಗ ಬೇಸರ ಇಲ್ಲ. ಆದರೆ ಡಾಕ್ಟರ್ ಆಗಬೇಕು ಎನ್ನುವ ಹಠ ಇರುವವರು ನರ್ಸಿಂಗನ್ನು ಮೆಟ್ಟಿಲು ಅಂದುಕೊಂಡು ಬರಬೇಡಿ. ಅಂಥವರು ವಾರ್ಡಿನಲ್ಲೂ ಸಿಡಿಮಿಡಿ, ಮನೆಯಲ್ಲೂ ಸಿಡಿಮಿಡಿ.

ಯಾಕೆ ಬೇಸರ ಇಲ್ಲ ಅಂತ ಕೇಳುತ್ತೀರಾ? 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದಾಗ ನಾನು ಡ್ಯೂಟಿಯಲ್ಲಿದ್ದೆ. ಕರೆಂಟ್ ಇಲ್ಲ, ರಸ್ತೆ ಇಲ್ಲ, ಬದಲಿ ಸಿಬ್ಬಂದಿ ಬರುವ ಹಾಗಿಲ್ಲ. ಎರಡು ಹಗಲು ಎರಡು ರಾತ್ರಿ ಒಂದೇ ಯೂನಿಫಾರ್ಮ್. ಡಾಕ್ಟರ್ ಬಂದು ನೋಡಿ ಹೋಗುತ್ತಿದ್ದರು, ಪಕ್ಕದಲ್ಲಿ ಇದ್ದವರು ನಾವು. ಆ ವರ್ಷದ ನೀಟ್ ಮಾರ್ಕ್ಸ್ ಅದಾಗಲೇ ಬಂದಿತ್ತು. ಅದರ ನೆನಪೇ ಆಗಲಿಲ್ಲ. ಇದು ಎಲ್ಲರಿಗೂ ಹೀಗೇ ಆಗುತ್ತದೆ ಅಂತ ನಾನು ಹೇಳುವುದಿಲ್ಲ.

ಸೂಜಿ ಚುಚ್ಚಿದರೆ

ಲ್ಯಾಬ್, ವಾರ್ಡ್, ಆಂಬುಲೆನ್ಸ್ ಎಲ್ಲಕ್ಕೂ ಸೇರಿದ ಮಾತು. ಕೆಲಸಕ್ಕೆ ಸೇರುವ ಮೊದಲು ಹೆಪಟೈಟಿಸ್ ಬಿ ಲಸಿಕೆ ಹಾಕಿಸಿಕೊಳ್ಳಿ. ಮೂರು ಡೋಸ್: ಮೊದಲನೆಯದು, ಒಂದು ತಿಂಗಳಿಗೆ ಎರಡನೆಯದು, ಆರು ತಿಂಗಳಿಗೆ ಮೂರನೆಯದು. ಬಳಸಿದ ಸೂಜಿಗೆ ಮತ್ತೆ ಮುಚ್ಚಳ ಹಾಕಬಾರದು. ನಾನು ಮೊದಲ ತಿಂಗಳಲ್ಲೇ ಹಾಗೆ ಮಾಡಲು ಹೋಗಿ ಹೆಬ್ಬೆರಳಿಗೆ ಚುಚ್ಚಿಕೊಂಡೆ, ಬೈಯುತ್ತಾರೆ ಅಂತ ಯಾರಿಗೂ ಹೇಳಲಿಲ್ಲ. ದಡ್ಡತನ. ಚುಚ್ಚಿದರೆ ಸೋಪು ನೀರಿನಲ್ಲಿ ತೊಳೆದು ಕೂಡಲೇ ಮೇಲಿನವರಿಗೆ ಹೇಳಬೇಕು. ಎಚ್‌ಐವಿ ತಡೆಯುವ ಮಾತ್ರೆ ಎರಡು ಗಂಟೆಯೊಳಗೆ ಶುರು ಮಾಡಿದರೆ ಒಳ್ಳೆಯದು, 72 ಗಂಟೆ ದಾಟಿದರೆ ಪ್ರಯೋಜನ ಇಲ್ಲ. ಇಂಟರ್‌ವ್ಯೂನಲ್ಲೇ ಕೇಳಿ: ಲಸಿಕೆ ನೀವು ಹಾಕಿಸ್ತೀರಾ? ಸೂಜಿ ಚುಚ್ಚಿದರೆ ಏನು ಮಾಡ್ತೀರಾ? ಉತ್ತರ ಹೇಳಲು ತಡವರಿಸಿದರೆ ಅಲ್ಲಿಗೇ ಗೊತ್ತಾಗುತ್ತದೆ.

108ರ ಕೆಲಸ

ವಿಡಿಯೋ ನೋಡಿದವರಿಗೆಲ್ಲ ಇದೇ ಇಷ್ಟ. ನಮ್ಮ ರಾಜ್ಯದಲ್ಲಿ ಆರೋಗ್ಯ ಕವಚ 108 ಶುರುವಾದದ್ದು 2008ರ ನವೆಂಬರ್‌ನಲ್ಲಿ. ಗಾಡಿಯಲ್ಲಿ ಇಬ್ಬರು: ಓಡಿಸುವವರನ್ನು ಪೈಲಟ್ ಎನ್ನುತ್ತಾರೆ, ಹಿಂದೆ ರೋಗಿಯ ಜೊತೆ ಇರುವವರು ಇಎಂಟಿ, ಅಂದರೆ ತುರ್ತು ಚಿಕಿತ್ಸೆಯ ಸಿಬ್ಬಂದಿ. ಅಮೆರಿಕದಲ್ಲಿ ಕೆಲವೇ ತಿಂಗಳ ಕೋರ್ಸ್ ಮುಗಿಸಿದ ಕಾಲೇಜು ಹುಡುಗರು ಈ ಸೀಟಿನಲ್ಲಿ ಕೂರಬಹುದು. ಇಲ್ಲಿ ಸಾಮಾನ್ಯವಾಗಿ ನರ್ಸಿಂಗ್ ಮುಗಿಸಿದವರು ಬೇಕು. ಅಂದರೆ ಇದು ಶುರುವಿನ ಕೆಲಸವೇ ಅಲ್ಲ.

ಕೊಡಗಿನಲ್ಲಿ ಇದು ಇನ್ನೂ ಕಷ್ಟ. ರೈಲಿಲ್ಲದ ಜಿಲ್ಲೆ. ದೊಡ್ಡ ತೊಂದರೆ ಆದರೆ ಮಡಿಕೇರಿಯಿಂದ ಮೈಸೂರಿಗೋ ಮಂಗಳೂರಿಗೋ ನೂರು ಕಿಲೋಮೀಟರಿಗೂ ಮೇಲೆ. ಘಾಟಿಯ ತಿರುವಿನಲ್ಲಿ ಹಿಂದೆ ಕೂತು ಆಕ್ಸಿಜನ್ ಹಿಡಿದುಕೊಂಡು, ರೋಗಿಯ ಜೊತೆ ನೀವೂ ವಾಂತಿ ತಡೆದುಕೊಳ್ಳಬೇಕು. ಬಿರುನಾಣಿ ಕಡೆಯಿಂದ ಹೆರಿಗೆ ನೋವಿನವರನ್ನು ಕರೆತರುವಾಗ ದಾರಿಯಲ್ಲಿ ಮರ ಬಿದ್ದಿದ್ದರೆ, ಮೊದಲು ಕತ್ತಿ ಹುಡುಕಬೇಕು. ಕಲಿಯುವುದು ಬಹಳ ಇದೆ, ಒಪ್ಪುತ್ತೇನೆ. 12 ಗಂಟೆಯ ಪಾಳಿ ಮುಗಿಸಿ ಬಂದ ಮೇಲೆ ಪುಸ್ತಕ ಮುಟ್ಟಿದವರನ್ನು ಮಾತ್ರ ನಾನು ಕಂಡಿಲ್ಲ.

ಉಳಿದವು

ಡಿ.ಫಾರ್ಮಾ ಎರಡು ವರ್ಷ, ಜೊತೆಗೆ 500 ಗಂಟೆಯ ತರಬೇತಿ. ಮೆಡಿಕಲ್ ಶಾಪ್ ಇಡುವ ಯೋಚನೆ ಇದ್ದರೆ ಒಳ್ಳೆಯದು, ಬಿ.ಫಾರ್ಮಾದ ಎರಡನೇ ವರ್ಷಕ್ಕೆ ನೇರವಾಗಿ ಸೇರಬಹುದು. ಡಾಕ್ಟರ್ ದಾರಿಗೆ ಇದರಿಂದ ಉಪಯೋಗ ಕಡಿಮೆ. ಅಂಗಡಿಯಲ್ಲಿ ಸುಮ್ನೆ ಹೆಲ್ಪರ್ ಆಗಿ ನಿಂತರೆ ಡಾಕ್ಟರುಗಳ ಕೈಬರಹ ಓದುವುದು ಬರುತ್ತದೆ, ಅಷ್ಟೇ.

ಆಶಾ ಕಾರ್ಯಕರ್ತೆ ಆಗುತ್ತೇನೆ ಎಂದು ಒಬ್ಬ ಹುಡುಗಿ ಕೇಳಿದ್ದಳು. ಅದು 25ರಿಂದ 45 ವರ್ಷದ, ಅದೇ ಊರಿನಲ್ಲಿ ನೆಲೆಸಿರುವ ಹೆಂಗಸರಿಗೆ. ಹದಿನೆಂಟರವರಿಗೆ ಅಲ್ಲ. ಆದರೆ ಅವರ ಜೊತೆ ಒಂದು ದಿನ ಮನೆ ಮನೆ ಸುತ್ತಿ ನೋಡಿ. ಯಾವ ಮನೆಯಲ್ಲಿ ಯಾರು ಮಾತ್ರೆ ನುಂಗುವುದಿಲ್ಲ, ಯಾಕೆ ನುಂಗುವುದಿಲ್ಲ ಅಂತ ಅವರಿಗೆ ಗೊತ್ತಿರುವಷ್ಟು ಯಾರಿಗೂ ಗೊತ್ತಿರುವುದಿಲ್ಲ.

ಮಿಲಿಟರಿ ಎಂದರೆ ನಮ್ಮ ಜಿಲ್ಲೆಯಲ್ಲಿ ಕಿವಿ ನಿಮಿರುತ್ತದೆ. ಹುಡುಗರಿಗೆ ಸೈನ್ಯದಲ್ಲಿ ನರ್ಸಿಂಗ್ ಅಸಿಸ್ಟೆಂಟ್ ಹುದ್ದೆ ಇದೆ, ಪಿಯುಸಿ ಸೈನ್ಸ್‌ನಲ್ಲಿ ಒಟ್ಟು 50 ಶೇಕಡಾ, ಒಂದೊಂದು ವಿಷಯದಲ್ಲೂ 40 ಬೇಕು. ಹುಡುಗಿಯರಿಗೆ ಮಿಲಿಟರಿ ನರ್ಸಿಂಗ್ ಸರ್ವಿಸ್‌ನ ಬಿಎಸ್ಸಿ. ಇದಕ್ಕೆ ನೀಟ್ ಅಂಕವನ್ನೇ ನೋಡುತ್ತಾರೆ, ಬೆಂಗಳೂರಿನ ಕಮಾಂಡ್ ಆಸ್ಪತ್ರೆಯಲ್ಲೂ ಕಾಲೇಜಿದೆ. ಓದು ಮುಗಿಸಿದರೆ ಲೆಫ್ಟಿನೆಂಟ್ ಆಗಿ ಹೊರಗೆ ಬರುತ್ತಾರೆ. ಎಂಬಿಬಿಎಸ್‌ಗೆ ಸಾಲದ ನೀಟ್ ಅಂಕ ಇಲ್ಲಿ ಸಾಲಬಹುದು. ಇಷ್ಟು ಒಳ್ಳೆಯ ದಾರಿಗೆ ನಮ್ಮ ಹುಡುಗಿಯರು ಅರ್ಜಿಯನ್ನೇ ಹಾಕುವುದಿಲ್ಲ ಎನ್ನುವುದು ನನ್ನ ತಕರಾರು.

ಅಮೆರಿಕದ ಡಾಕ್ಟರುಗಳಿಗೆ ರಾತ್ರಿ ಇಲ್ಲಿಂದಲೇ ಕೂತು ಟಿಪ್ಪಣಿ ಬರೆಯುವ ಸ್ಕ್ರೈಬ್ ಕೆಲಸವೂ ಬೆಂಗಳೂರಿನಲ್ಲಿ ಇದೆ. ಇಂಗ್ಲಿಷ್ ಚೆನ್ನಾಗಿರಬೇಕು, ರಾತ್ರಿ ನಿದ್ದೆ ಬಿಡಬೇಕು. ಮನೆಯಿಂದಲೇ ಮಾಡುತ್ತೇನೆ ಎನ್ನುವವರು ಜುಲೈನಲ್ಲಿ ನಮ್ಮೂರಿನ ಕರೆಂಟ್ ನೋಡಿ ಆಮೇಲೆ ಮಾತಾಡಿ.

ಯಾರಿಗೆ ಯಾವುದು?

ನೀಟ್‌ನಲ್ಲಿ ಸರ್ಕಾರಿ ಸೀಟಿಗೆ ಸ್ವಲ್ಪದರಲ್ಲಿ ತಪ್ಪಿದ್ದರೆ, ಮನೆಯಲ್ಲಿ ಒಂದು ವರ್ಷ ತಡೆಯುವ ಶಕ್ತಿ ಇದ್ದರೆ, ಯಾವ ಕೆಲಸವೂ ಬೇಡ. ಕೂತು ಓದಿ. ಆಸ್ಪತ್ರೆ ಎಲ್ಲೂ ಓಡಿ ಹೋಗುವುದಿಲ್ಲ. ಅಂಕ ಬಹಳ ಹಿಂದಿದ್ದು, ಆಸೆ ಮಾತ್ರ ಗಟ್ಟಿಯಾಗಿದ್ದರೆ ಲ್ಯಾಬ್ ಡಿಪ್ಲೊಮಾ ಮಾಡುತ್ತಾ ಮತ್ತೆ ಬರೆಯಿರಿ. ಮನೆಗೆ ದುಡ್ಡು ತುರ್ತಾಗಿ ಬೇಕಾಗಿದ್ದು, ಬೇಗ ಒಂದು ಗಟ್ಟಿ ಕೆಲಸ ಬೇಕು ಎನ್ನುವವರಿಗೆ ನರ್ಸಿಂಗ್‌ನಷ್ಟು ಭರವಸೆ ಬೇರೆ ಯಾವುದರಲ್ಲೂ ಇಲ್ಲ. ಆಸೆ ನಿಜವೋ ಅಲ್ಲವೋ ಗೊತ್ತಿಲ್ಲ ಎನ್ನುವವರು ಎರಡು ತಿಂಗಳು ಅಟೆಂಡರ್ ಆಗಿ. ಎರಡು ತಿಂಗಳಿಗೆ ಗೊತ್ತಾಗದಿದ್ದರೆ ಮೂರನೆಯದರಲ್ಲೂ ಗೊತ್ತಾಗುವುದಿಲ್ಲ.

ಅಕ್ಕನ ಮಗಳಿಗೆ ಇಷ್ಟನ್ನೂ ಹೇಳಿದೆ. ಮಧ್ಯೆ ಮೂರು ಸಲ ಲೈನ್ ಕಟ್ ಆಯಿತು. ಎರಡು ವಾರ ಸುದ್ದಿ ಇರಲಿಲ್ಲ. ಆಮೇಲೆ ಒಂದು ಭಾನುವಾರ ಅವಳೇ ಫೋನ್ ಮಾಡಿದಳು. ಕುಶಾಲನಗರದಲ್ಲಿ ಅಟೆಂಡರ್ ಕೆಲಸ ಸಿಕ್ಕಿದೆಯಂತೆ, ಬೆಳಗ್ಗೆ ಏಳರಿಂದ ಮೂರು. ಲ್ಯಾಬ್ ಕೋರ್ಸಿನ ಅಡ್ಮಿಷನ್ ಶುರುವಾಗುವವರೆಗೆ ಮಾತ್ರ. ನೀಟ್ ಪುಸ್ತಕ ಯಾರಿಗೂ ಕೊಟ್ಟಿಲ್ಲವಂತೆ.

"ಒರಿಜಿನಲ್ ಕೇಳಿದ್ರಾ?" ಎಂದೆ.

"ಕೇಳಿದ್ರು ಚಿಕ್ಕಮ್ಮ. ತೋರಿಸಿ ಜೆರಾಕ್ಸ್ ಕೊಟ್ಟೆ. ಮುಖ ಸಿಂಡರಿಸಿಕೊಂಡ್ರು, ಆದ್ರೂ ತಗೊಂಡ್ರು."